ಗಾಯಾಳುವಿನ ಬಳಿಗೆ ಹೊರಟ ಎಕ್ಸ್-ರೇ ಗಾಡಿ



ಆಟವಾಡುವಾಗ ಬಿದ್ದು ಕೈ ಊದಿಕೊಂಡರೆ ವೈದ್ಯರು ಮೊದಲು ಎಕ್ಸ್-ರೇ ತೆಗೆಸಲು ಹೇಳುತ್ತಾರೆ. ಚೀಟಿ ಹಿಡಿದು ಆಸ್ಪತ್ರೆಯ ಎಕ್ಸ್-ರೇ ಕೊಠಡಿಯ ಮುಂದೆ ಬೆಂಚಿನ ಮೇಲೆ ಕುಳಿತ ಅನುಭವ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಒಳಗೆ ಹೋದರೆ ಒಂದೆರಡು ನಿಮಿಷದ ಕೆಲಸ. ಮೂಳೆ ಮುರಿದಿದೆಯೇ, ಬರೀ ಉಳುಕೇ ಎಂಬುದು ಚಿತ್ರದಲ್ಲಿ ಗೊತ್ತಾಗುತ್ತದೆ.

ಈಗ ಹೀಗೆ ಯೋಚಿಸಿ. ಎಕ್ಸ್-ರೇ ಯಂತ್ರ ಇದೆ. ಆದರೆ ಅದು ನೂರಾರು ಕಿಲೋಮೀಟರ್ ದೂರದ ಊರಿನಲ್ಲಿದೆ. ಅದನ್ನು ನಡೆಸಲು ವಿದ್ಯುತ್ ಇಲ್ಲ. ನಡೆಸಲು ತಿಳಿದವರೂ ಇಲ್ಲ. ಬಾಗಿಲಲ್ಲಿ ಮಾತ್ರ ಗಾಯಾಳುಗಳ ಸಾಲು ಬೆಳೆಯುತ್ತಲೇ ಇದೆ. ಆಗ ಆ ಯಂತ್ರದಿಂದ ಏನು ಪ್ರಯೋಜನ?

1914ರಲ್ಲಿ ಫ್ರಾನ್ಸ್ ದೇಶದಲ್ಲಿ ಇದೇ ಪರಿಸ್ಥಿತಿ ಉಂಟಾಯಿತು. ಅದಕ್ಕೆ ದಾರಿ ಹುಡುಕಿದವರು ಮೇರಿ ಕ್ಯೂರಿ. ರೇಡಿಯಂ ಕಂಡುಹಿಡಿದ ವಿಜ್ಞಾನಿ ಎಂದು ನೀವು ಅವರ ಹೆಸರನ್ನು ಪಾಠದಲ್ಲಿ ಓದಿರುತ್ತೀರಿ. ಆದರೆ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಕೆಲಸವನ್ನು ಒಂದು ಕ್ರಮಕ್ಕೆ ತಂದು ಅವರು ಅಸಂಖ್ಯ ಜನರಿಗೆ ನೆರವಾದ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಬನ್ನಿ, ಆ ಕಥೆಯನ್ನು ತಿಳಿಯೋಣ.

ವಾರ್ಸಾದ ಹುಡುಗಿ

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗಿನ ಹೆಸರು ಮರಿಯಾ ಸ್ಕ್ಲೊಡೊವ್ಸ್ಕಾ. ತಂದೆ ತಾಯಿ ಇಬ್ಬರೂ ಶಿಕ್ಷಕರು. ಐವರು ಮಕ್ಕಳಲ್ಲಿ ಮರಿಯಾ ಕೊನೆಯವಳು. ಹತ್ತು ವರ್ಷದವಳಿದ್ದಾಗಲೇ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅದಕ್ಕೂ ಮೊದಲೇ ಒಬ್ಬ ಅಕ್ಕ ಜ್ವರದಿಂದ ಸತ್ತಿದ್ದಳು.

ಆಗ ವಾರ್ಸಾ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ತಾಯ್ನುಡಿಯಲ್ಲಿ ಪಾಠ ಮಾಡುವಂತಿರಲಿಲ್ಲ. ಹುಡುಗಿಯರಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶವೂ ಇರಲಿಲ್ಲ. ಹೆಚ್ಚು ಓದಬೇಕೆಂದರೆ ಹೊರದೇಶಕ್ಕೆ ಹೋಗಬೇಕು. ಅಷ್ಟು ಹಣ ಮನೆಯಲ್ಲಿರಲಿಲ್ಲ. ಆಗ ಅಕ್ಕ ಬ್ರೋನ್ಯಾ ಮತ್ತು ಮರಿಯಾ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳಿಸುವುದು. ಅಕ್ಕನ ಓದು ಒಂದು ಹಂತಕ್ಕೆ ಬಂದ ಮೇಲೆ ತಂಗಿ ಹೋಗುವುದು, ಅಕ್ಕ ನೆರವಾಗುವುದು. ಮಾತಿನಂತೆ ಮರಿಯಾ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಹಲವು ವರ್ಷ ದುಡಿದಳು.

1891ರಲ್ಲಿ ಅವಳ ಸರದಿ ಬಂತು. ಪ್ಯಾರಿಸ್ ಸೇರಿದ ಮರಿಯಾ ಮೇರಿ ಎನಿಸಿಕೊಂಡಳು. ಚಳಿಗಾಲದಲ್ಲಿ ಸರಿಯಾಗಿ ಬೆಚ್ಚಗಾಗದ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿದ್ದುಕೊಂಡು ಓದಿದಳು. 1893ರಲ್ಲಿ ಭೌತವಿಜ್ಞಾನ ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದಲ್ಲಿ ಎರಡನೆಯ ಸ್ಥಾನ ಪಡೆದಳು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿ ಅವರೊಡನೆ ಮದುವೆಯಾಯಿತು.

ಎರಡು ಬೇರೆ ಬೇರೆ ಶೋಧನೆಗಳು

1895ರ ನವೆಂಬರಿನಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜನ್ ಅವರು ಎಕ್ಸ್-ರೇ, ಅಂದರೆ ಕ್ಷ-ಕಿರಣಗಳನ್ನು ಕಂಡುಹಿಡಿದರು. ಈ ಕಿರಣಗಳು ಚರ್ಮ ಮತ್ತು ಮಾಂಸವನ್ನು ಸುಲಭವಾಗಿ ಹಾದುಹೋಗುತ್ತವೆ. ಮೂಳೆ ಅವುಗಳನ್ನು ಹೆಚ್ಚು ತಡೆಯುತ್ತದೆ. ಸೀಸ, ಕಬ್ಬಿಣದಂತಹ ಲೋಹಗಳು ಇನ್ನೂ ಹೆಚ್ಚು ತಡೆಯುತ್ತವೆ. ಹೀಗೆ ತಡೆಯುವುದರಿಂದ ಬೀಳುವ ನೆರಳೇ ಎಕ್ಸ್-ರೇ ಚಿತ್ರ.

ಮರುವರ್ಷ ಹೆನ್ರಿ ಬೆಕೆರೆಲ್ ಅವರು ಯುರೇನಿಯಂ ಲವಣಗಳಿಂದ ತಾನಾಗಿಯೇ ಹೊರಡುವ ಇನ್ನೊಂದು ಬಗೆಯ ಕಿರಣಗಳನ್ನು ಕಂಡರು. ಮೇರಿ ಕೈಗೆತ್ತಿಕೊಂಡದ್ದು ಈ ಎರಡನೆಯ ವಿಷಯವನ್ನು. ಮಳೆ ಬಂದರೆ ಸೋರುವ ಒಂದು ಷೆಡ್ಡಿನಲ್ಲಿ ಪಿಯರ್ ಮತ್ತು ಮೇರಿ ಅದಿರನ್ನು ಕುದಿಸಿ, ಸೋಸಿ, ಬೇರ್ಪಡಿಸಿ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಧಾತುಗಳಿರುವುದನ್ನು ತೋರಿಸಿಕೊಟ್ಟರು. 1903ರಲ್ಲಿ ಈ ದಂಪತಿಗಳಿಗೂ ಬೆಕೆರೆಲ್ ಅವರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ನೊಬೆಲ್ ಪಡೆದ ಮೊದಲ ಮಹಿಳೆ ಮೇರಿ.

1906ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಬೀದಿಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಕೊಂಡರು. ಹಿರಿಯ ಮಗಳು ಐರೀನ್‌ಗೆ ಆಗ ಎಂಟು ವರ್ಷ, ಕಿರಿಯವಳು ಈವ್ ಇನ್ನೂ ಪುಟ್ಟ ಕೂಸು. ಮೇರಿ ದುಃಖವನ್ನು ನುಂಗಿಕೊಂಡು ಪಿಯರ್ ಮಾಡುತ್ತಿದ್ದ ಪಾಠವನ್ನು ಮುಂದುವರಿಸಿದರು. 1911ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವೂ ಅವರಿಗೆ ಬಂತು.

ಇಲ್ಲಿ ಒಂದು ಮಾತು ನೆನಪಿಡಿ. ಎಕ್ಸ್-ರೇ ಕಂಡುಹಿಡಿದವರು ಮೇರಿ ಅಲ್ಲ. ಅವರ ಸಂಶೋಧನೆಯೂ ಎಕ್ಸ್-ರೇ ಬಗ್ಗೆ ಆಗಿರಲಿಲ್ಲ. ತರಗತಿಯಲ್ಲಿ ಅದರ ಪಾಠ ಮಾಡುತ್ತಿದ್ದರು, ಅಷ್ಟೆ. ಆದರೆ ಸಮಯ ಬಂದಾಗ ಆ ತಿಳಿವಳಿಕೆಯೇ ಕೆಲಸಕ್ಕೆ ಬಂತು.

ಯುದ್ಧ ಬಂತು

1914ರ ಆಗಸ್ಟ್‌ನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಮೇರಿಯವರಿಗಾಗಿ ಪ್ಯಾರಿಸ್‌ನಲ್ಲಿ ಕಟ್ಟಿದ ರೇಡಿಯಂ ಸಂಸ್ಥೆ ಆಗತಾನೇ ಸಿದ್ಧವಾಗಿತ್ತು. ಆದರೆ ಅಲ್ಲಿ ಕೆಲಸ ಮಾಡಬೇಕಾದ ಗಂಡಸರೆಲ್ಲ ಸೈನ್ಯಕ್ಕೆ ಹೋದರು. ಶತ್ರು ಸೈನ್ಯ ಪ್ಯಾರಿಸ್‌ಗೆ ಹತ್ತಿರವಾದಾಗ ಮೇರಿ ತಮ್ಮಲ್ಲಿದ್ದ ಒಂದು ಗ್ರಾಂ ರೇಡಿಯಂ ಅನ್ನು ಸೀಸದ ಭಾರವಾದ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಬೋರ್ಡೋ ನಗರಕ್ಕೆ ಒಯ್ದರು. ಅಲ್ಲಿ ಬ್ಯಾಂಕಿನ ಭದ್ರ ಕೊಠಡಿಯಲ್ಲಿಟ್ಟು ಮತ್ತೆ ಪ್ಯಾರಿಸ್‌ಗೆ ಮರಳಿದರು.

ಯುದ್ಧಭೂಮಿಯಿಂದ ಸಾವಿರಾರು ಗಾಯಾಳುಗಳು ಬರುತ್ತಿದ್ದರು. ಸಿಡಿಗುಂಡುಗಳ ಚೂರುಗಳು, ಬಂದೂಕಿನ ಗುಂಡುಗಳು ಅವರ ಮೈಯೊಳಗೆ ಹೊಕ್ಕಿರುತ್ತಿದ್ದವು. ಗುಂಡು ಹೊಕ್ಕ ಗಾಯ ಹೊರಗೆ ಕಾಣುತ್ತದೆ. ಒಳಗೆ ಅದು ಎಲ್ಲಿ ನಿಂತಿದೆ? ಮೂಳೆಗೆ ತಾಗಿ ಪಕ್ಕಕ್ಕೆ ತಿರುಗಿರಬಹುದು. ಚಿತ್ರವಿಲ್ಲದೆ ಹುಡುಕುವ ಶಸ್ತ್ರಚಿಕಿತ್ಸಕರು ಅಂದಾಜಿನ ಮೇಲೆ ಕತ್ತರಿಸಬೇಕು. ಸಿಗದಿದ್ದರೆ ಇನ್ನೊಂದು ಕಡೆ ಕತ್ತರಿಸಬೇಕು. ಲೋಹದ ಚೂರಿನ ಜೊತೆಗೆ ಮಣ್ಣು, ಬಟ್ಟೆಯ ತುಂಡು ಒಳಗೇ ಉಳಿದರೆ ಗಾಯ ಕೊಳೆಯುತ್ತಿತ್ತು. ಪೆನಿಸಿಲಿನ್‌ನಂತಹ ಔಷಧಗಳು ಆಗ ಇನ್ನೂ ಬಂದಿರಲಿಲ್ಲ. ಹಾಗಾಗಿ ಅನೇಕರು ಕೈಕಾಲು ಕಳೆದುಕೊಳ್ಳುತ್ತಿದ್ದರು, ಎಷ್ಟೋ ಜನ ಸಾಯುತ್ತಿದ್ದರು.

ಎಕ್ಸ್-ರೇ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು. ಆದರೆ ಯಂತ್ರಗಳಿದ್ದದ್ದು ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ. ಗಾಯಾಳುಗಳಿದ್ದದ್ದು ಯುದ್ಧಭೂಮಿಯ ಸಮೀಪದ ತಾತ್ಕಾಲಿಕ ಆಸ್ಪತ್ರೆಗಳಲ್ಲಿ.

ತೊಡಕು ಎಲ್ಲಿದೆ?

ಮೇರಿ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಎಲ್ಲೆಲ್ಲಿ ಎಕ್ಸ್-ರೇ ಯಂತ್ರಗಳಿವೆ ಎಂದು ಪಟ್ಟಿ ಮಾಡಿದರು. ಬೀಗ ಹಾಕಿದ ಪ್ರಯೋಗಾಲಯಗಳಲ್ಲಿ, ಉಪಕರಣ ತಯಾರಕರ ಬಳಿ ಕೆಲವು ಸುಮ್ಮನೆ ಬಿದ್ದಿದ್ದವು. ಅವುಗಳನ್ನು ಒಟ್ಟುಗೂಡಿಸಿ ಆಸ್ಪತ್ರೆಗಳಿಗೆ ಕೊಡಿಸಿದರು.

ಆದರೂ ಕೆಲಸ ಸಾಗಲಿಲ್ಲ. ಏಕೆಂದರೆ ಒಂದು ಎಕ್ಸ್-ರೇ ಚಿತ್ರ ಗಾಯಾಳುವಿಗೆ ಉಪಯೋಗವಾಗಬೇಕಾದರೆ ಅನೇಕ ಕೆಲಸಗಳು ಸರಪಳಿಯಂತೆ ಕೂಡಿಕೊಳ್ಳಬೇಕು. ಯಂತ್ರ ಹತ್ತಿರದಲ್ಲಿರಬೇಕು. ವಿದ್ಯುತ್ ಇರಬೇಕು. ಕತ್ತಲೆ ಕೋಣೆ ಇರಬೇಕು. ನಡೆಸಲು ಬಲ್ಲವರಿರಬೇಕು. ಕಂಡದ್ದನ್ನು ಸರಿಯಾಗಿ ಗುರುತಿಸಬೇಕು. ಆ ಗುರುತು ತಡವಿಲ್ಲದೆ ಶಸ್ತ್ರಚಿಕಿತ್ಸಕರ ಕೈ ಸೇರಬೇಕು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದುದೆಲ್ಲ ವ್ಯರ್ಥ. ಮೇರಿ ಒಂದೊಂದೇ ಕೊಂಡಿಯನ್ನು ಸರಿಪಡಿಸತೊಡಗಿದರು.

ಚಕ್ರದ ಮೇಲಿನ ಎಕ್ಸ್-ರೇ ಕೊಠಡಿ

ಮೊದಲ ತೊಡಕು ದೂರ. ಗಾಯಾಳುವನ್ನು ಯಂತ್ರದ ಬಳಿಗೆ ಒಯ್ಯುವ ಬದಲು ಯಂತ್ರವನ್ನೇ ಗಾಯಾಳುವಿನ ಬಳಿಗೆ ಒಯ್ದರೆ? ಮೇರಿ ಒಂದು ಮೋಟಾರು ಗಾಡಿಯಲ್ಲಿ ಎಕ್ಸ್-ರೇ ಉಪಕರಣ ಜೋಡಿಸಿದರು. ಮಹಿಳೆಯರ ಒಂದು ಸೇವಾ ಸಂಘ ಮೊದಲ ಗಾಡಿಗೆ ಹಣ ಕೊಟ್ಟಿತು.

ಎರಡನೆಯ ತೊಡಕು ವಿದ್ಯುತ್. ಇದಕ್ಕೆ ಗಾಡಿಯಲ್ಲಿ ಒಂದು ಡೈನಮೋ ಇಟ್ಟರು. ಸೈಕಲ್ಲಿನ ಚಕ್ರ ತಿರುಗಿದಾಗ ಡೈನಮೋ ದೀಪ ಉರಿಸುವುದನ್ನು ಹಿರಿಯರಿಂದ ಕೇಳಿರಬಹುದು. ಇಲ್ಲಿ ಡೈನಮೋ ತಿರುಗಿಸಿದ್ದು ಗಾಡಿಯ ಎಂಜಿನ್. ಅಂದರೆ ಊರಿಂದೂರಿಗೆ ಹೋಗಲು ಬಳಸಿದ ಎಂಜಿನ್ನೇ ಊರು ತಲುಪಿದ ಮೇಲೆ ವಿದ್ಯುತ್ತನ್ನೂ ಕೊಡುತ್ತಿತ್ತು.

ಒಂದು ಗಾಡಿ ಸಾಲದು. ಮೇರಿ ಶ್ರೀಮಂತರ ಮನೆಗಳಿಗೆ ಹೋಗಿ ಕಾರುಗಳನ್ನು ಕೇಳಿದರು. ಅಧಿಕಾರಿಗಳನ್ನು ಬಿಡದೆ ಕಂಡು ಅನುಮತಿ ಪಡೆದರು. ಹೀಗೆ ಸುಮಾರು 20 ಗಾಡಿಗಳು ಸಿದ್ಧವಾದವು. ಸೈನಿಕರು ಪ್ರೀತಿಯಿಂದ ಅವುಗಳನ್ನು ಪುಟ್ಟ ಕ್ಯೂರಿ ಎಂದು ಕರೆದರು.

ಮೇರಿ ಕುಳಿತಲ್ಲೇ ಆಜ್ಞೆ ಮಾಡಲಿಲ್ಲ. ದೇಹರಚನೆಯ ಪಾಠ ಓದಿದರು. ಎಕ್ಸ್-ರೇ ಯಂತ್ರ ನಡೆಸುವುದನ್ನು ಕಲಿತರು. ಕಾರು ಓಡಿಸಲು ಕಲಿತು 1916ರಲ್ಲಿ ಪರವಾನಗಿ ಪಡೆದರು. ಚಕ್ರ ಬದಲಿಸುವುದು, ಎಂಜಿನ್ ಸ್ವಚ್ಛಗೊಳಿಸುವುದನ್ನೂ ಕಲಿತರು. ಎರಡು ನೊಬೆಲ್ ಪಡೆದು ನಲವತ್ತೇಳು ದಾಟುತ್ತಿದ್ದ ವಿಜ್ಞಾನಿ ಮತ್ತೆ ವಿದ್ಯಾರ್ಥಿಯಾದರು.

ಕೆಲಸಕ್ಕೊಂದು ಕ್ರಮ

1914ರ ಕೊನೆಯ ತಿಂಗಳುಗಳಿಂದ ಪ್ಯಾರಿಸ್‌ನ ಉತ್ತರಕ್ಕಿರುವ ಕ್ರೇಯ್, ಅಮಿಯೆಂ, ಕ್ಯಾಲೆ, ಡನ್‌ಕರ್ಕ್ ಮೊದಲಾದ ಕಡೆಗೆಲ್ಲ ಮೇರಿಯವರ ಗಾಡಿ ಓಡಿತು. ಹದಿನೇಳು ವರ್ಷದ ಐರೀನ್ ತಾಯಿಯ ಜೊತೆಗೆ ನಿಂತಳು.

ಆಸ್ಪತ್ರೆ ತಲುಪಿದ ಕೂಡಲೇ ಪ್ರತಿಯೊಂದು ಕೆಲಸವೂ ಗೊತ್ತಾದ ಕ್ರಮದಲ್ಲಿ ನಡೆಯುತ್ತಿತ್ತು. ಮೊದಲು ಒಂದು ಕೋಣೆ ಆರಿಸಿ, ಕಿಟಕಿಗಳಿಗೆ ದಪ್ಪನೆಯ ಪರದೆ ಹಾಕಿ ಕತ್ತಲು ಮಾಡುವುದು. ಅದೇ ಹೊತ್ತಿಗೆ ಚಾಲಕ ಗಾಡಿಯಿಂದ ಕೋಣೆಗೆ ತಂತಿ ಎಳೆಯುವುದು. ಯಂತ್ರ, ಮೇಜು, ಹೊಳೆಯುವ ಪರದೆಗಳನ್ನು ಜೋಡಿಸಿ ಪರೀಕ್ಷಿಸುವುದು. ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಸಿದ್ಧ.

ಆಮೇಲೆ ಶಸ್ತ್ರಚಿಕಿತ್ಸಕರು ಕತ್ತಲೆ ಕೋಣೆಗೆ ಬರುತ್ತಿದ್ದರು. ಬಿಸಿಲಿನಿಂದ ಕತ್ತಲೆ ಕೋಣೆಗೆ ಹೋದಾಗ ಮೊದಲು ನಿಮಗೆ ಏನೂ ಕಾಣುವುದಿಲ್ಲ, ಸ್ವಲ್ಪ ಹೊತ್ತಿನ ನಂತರ ಕಾಣತೊಡಗುತ್ತದೆ, ಅಲ್ಲವೇ? ಪರದೆಯ ಮೇಲಿನ ಚಿತ್ರ ಮಸುಕಾಗಿರುತ್ತಿದ್ದುದರಿಂದ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆಯೇ ನೋಡಬೇಕಿತ್ತು. ಗಾಯಾಳುಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಒಳಗೆ ತರುತ್ತಿದ್ದರು. ಲೋಹದ ಚೂರು ಕಂಡ ಜಾಗವನ್ನು ಗುರುತಿಸಿ ಬರೆದುಕೊಳ್ಳುತ್ತಿದ್ದರು. ಅಗತ್ಯವಿದ್ದರೆ ಚಿತ್ರ ತೆಗೆಯುತ್ತಿದ್ದರು. ಕೆಲವೊಮ್ಮೆ ಅಲ್ಲೇ ಪರದೆ ನೋಡುತ್ತಲೇ ಶಸ್ತ್ರಚಿಕಿತ್ಸೆಯೂ ನಡೆಯುತ್ತಿತ್ತು.

ಕೆಲಸ ಮುಗಿದ ಮೇಲೆ ಮೇರಿ ಇನ್ನೊಂದು ವಿಷಯ ಗಮನಿಸುತ್ತಿದ್ದರು. ಈ ಆಸ್ಪತ್ರೆಗೆ ಯಾವಾಗಲೂ ಎಕ್ಸ್-ರೇ ಬೇಕೇ? ಬೇಕಾದರೆ ಎಲ್ಲಿಂದಲಾದರೂ ಯಂತ್ರ ಹೊಂದಿಸಿ ತಂದು ಅಲ್ಲಿಯೇ ಕಾಯಂ ಕೊಠಡಿ ಮಾಡಿಸುತ್ತಿದ್ದರು. ಹೀಗೆ ಸುಮಾರು 200 ಕೊಠಡಿಗಳು ಆರಂಭವಾದವು.

ನೆರಳಿನ ಲೆಕ್ಕ

ಗುಂಡು ಎಲ್ಲಿದೆ ಎಂದು ಚಿತ್ರ ತೋರಿಸುತ್ತದೆ. ಆದರೆ ಎಷ್ಟು ಆಳದಲ್ಲಿದೆ? ನೆರಳಿಗೆ ಆಳ ಇರುವುದಿಲ್ಲ. ಇದಕ್ಕೆ ಒಂದು ಜಾಣ ಉಪಾಯವಿತ್ತು. ಒಂದು ಚಿತ್ರ ತೆಗೆದ ಮೇಲೆ ಎಕ್ಸ್-ರೇ ಕೊಳವೆಯನ್ನು ಅಳೆದು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯುವುದು. ಗುಂಡಿನ ನೆರಳು ಎಷ್ಟು ಸರಿಯಿತು ಎಂದು ಅಳೆದರೆ ಆಳವನ್ನು ಲೆಕ್ಕ ಮಾಡಬಹುದು.

ಮಾಡಿ ನೋಡಿ: ಗೋಡೆಯಿಂದ 60 ಸೆಂ.ಮೀ. ದೂರದಲ್ಲಿ ಒಂದು ಸಣ್ಣ ಟಾರ್ಚ್ ಇಡಿ. ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಜೇಡಿಮಣ್ಣಿನ ಉಂಡೆಯಲ್ಲಿ ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ. ಗೋಡೆಯ ಮೇಲೆ ನೆರಳು ಬಿದ್ದ ಜಾಗವನ್ನು ಗುರುತು ಮಾಡಿ. ಪೆನ್ಸಿಲ್ ಅಲುಗಿಸದೆ ಟಾರ್ಚನ್ನು ಗೋಡೆಗೆ ಸಮಾನಾಂತರವಾಗಿ 10 ಸೆಂ.ಮೀ. ಸರಿಸಿ. ನೆರಳು ಎದುರು ದಿಕ್ಕಿಗೆ ಸುಮಾರು 2 ಸೆಂ.ಮೀ. ಸರಿಯುತ್ತದೆ. ಈಗ ಪೆನ್ಸಿಲನ್ನು ಗೋಡೆಯಿಂದ 20 ಸೆಂ.ಮೀ. ದೂರದಲ್ಲಿಟ್ಟು ಮತ್ತೆ ಮಾಡಿ. ನೆರಳು ಸುಮಾರು 5 ಸೆಂ.ಮೀ. ಸರಿಯುತ್ತದೆ. 30 ಸೆಂ.ಮೀ. ದೂರದಲ್ಲಿಟ್ಟರೆ 10 ಸೆಂ.ಮೀ. ಸರಿಯುತ್ತದೆ. ಗೋಡೆಯೇ ಎಕ್ಸ್-ರೇ ಪರದೆ, ಪೆನ್ಸಿಲ್ಲೇ ಗುಂಡು ಎಂದುಕೊಳ್ಳಿ. ನೆರಳು ಸರಿದ ದೂರದಿಂದ ಗುಂಡು ಪರದೆಯಿಂದ ಎಷ್ಟು ದೂರದಲ್ಲಿದೆ ಎಂದು ಹೇಳಬಹುದಲ್ಲವೇ?

ಹದಿನೆಂಟು ತುಂಬುವ ಹೊತ್ತಿಗೆ ಐರೀನ್ ಬೆಲ್ಜಿಯಂನ ಒಂದು ಆಸ್ಪತ್ರೆಯಲ್ಲಿ ತಾನೊಬ್ಬಳೇ ಎಕ್ಸ್-ರೇ ಕೆಲಸ ನೋಡಿಕೊಳ್ಳುತ್ತಿದ್ದಳು. ರೇಖಾಗಣಿತವೆಂದರೆ ದೂರ ಸರಿಯುತ್ತಿದ್ದ ವೈದ್ಯರೊಬ್ಬರಿಗೂ ಈ ಲೆಕ್ಕವನ್ನು ಅವಳು ತಾಳ್ಮೆಯಿಂದ ಬಿಡಿಸಿ ಹೇಳಬೇಕಾಯಿತು.

ಯಂತ್ರವಿದ್ದರೆ ಸಾಕೇ?

ಗಾಡಿಗಳು ಬಂದವು, ಕೊಠಡಿಗಳು ಆದವು. ಈಗ ಇನ್ನೊಂದು ಕೊಂಡಿ ಕಳಚಿರುವುದು ಕಂಡಿತು. ಯಂತ್ರ ನಡೆಸುವವರು ಸಾಲುತ್ತಿರಲಿಲ್ಲ. ಸರಿಯಾಗಿ ಕಲಿಯದವರು ತೆಗೆದ ಚಿತ್ರ ಮಸುಕಾಗುತ್ತಿತ್ತು, ಯಂತ್ರವೂ ಕೆಡುತ್ತಿತ್ತು. ಎಕ್ಸ್-ರೇಯಿಂದ ಉಪಯೋಗವಿಲ್ಲ ಎಂದು ಆಗ ಕೆಲವರು ದೂರುತ್ತಿದ್ದರು. ದೋಷ ಕಿರಣದಲ್ಲಿ ಇರಲಿಲ್ಲ, ಕೆಲಸ ಮಾಡುವ ರೀತಿಯಲ್ಲಿತ್ತು.

1916ರಲ್ಲಿ ಮೇರಿ ರೇಡಿಯಂ ಸಂಸ್ಥೆಯಲ್ಲಿಯೇ ಮಹಿಳೆಯರಿಗಾಗಿ ತರಬೇತಿ ಆರಂಭಿಸಿದರು. ವಿದ್ಯುತ್ತಿನ ಪಾಠ, ಎಕ್ಸ್-ರೇ ಪಾಠ, ದೇಹರಚನೆ, ಚಿತ್ರ ತೊಳೆಯುವ ವಿಧಾನ, ಜೊತೆಗೆ ಕೈಯಾರೆ ಮಾಡುವ ಅಭ್ಯಾಸ. ಬಂದವರಲ್ಲಿ ಹೆಚ್ಚು ಓದಿದವರೂ ಇದ್ದರು, ಕಡಿಮೆ ಓದಿದವರೂ ಇದ್ದರು. ಎಲ್ಲರಿಗೂ ಅರ್ಥವಾಗುವವರೆಗೆ ಬಿಡಿಸಿ ಹೇಳುತ್ತಿದ್ದರು. ಐರೀನ್ ಕೂಡ ಪಾಠ ಮಾಡಿದಳು. ಯುದ್ಧ ಮುಗಿಯುವ ವೇಳೆಗೆ ಸುಮಾರು 150 ಮಹಿಳೆಯರು ತರಬೇತಿ ಪಡೆದು ಆಸ್ಪತ್ರೆಗಳಿಗೆ ಹೋಗಿದ್ದರು.

1918ರ ನವೆಂಬರಿನಲ್ಲಿ ಯುದ್ಧ ನಿಂತಿತು. ಮೇರಿ ಕಟ್ಟಿದ ಗಾಡಿಗಳು ಮತ್ತು ಕೊಠಡಿಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಾಯಾಳುಗಳ ಪರೀಕ್ಷೆ ನಡೆದಿತ್ತು ಎಂದು ಲೆಕ್ಕ ಹೇಳುತ್ತಾರೆ. ತಮ್ಮ ಅನುಭವವನ್ನೆಲ್ಲ ಅವರು ಯುದ್ಧಕಾಲದ ಎಕ್ಸ್-ರೇ ಕುರಿತ ಪುಸ್ತಕವಾಗಿ ಬರೆದರು. ಅದು 1921ರಲ್ಲಿ ಪ್ರಕಟವಾಯಿತು.

ಬಿಟ್ಟುಹೋದ ಒಂದು ಕೊಂಡಿ

ಇಷ್ಟೆಲ್ಲ ಕೊಂಡಿ ಜೋಡಿಸಿದ ಸರಪಳಿಯಲ್ಲಿ ಒಂದು ಕೊಂಡಿ ದುರ್ಬಲವಾಗಿಯೇ ಉಳಿಯಿತು. ಅದು ಕೆಲಸ ಮಾಡುವವರ ಸುರಕ್ಷತೆ. ಎಕ್ಸ್-ರೇ ಹೆಚ್ಚು ತಾಗಿದರೆ ಚರ್ಮ ಸುಡುತ್ತದೆ ಎಂದು ಆಗಲೇ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ತಾಗಿದರೂ ರಕ್ತಕ್ಕೆ, ದೇಹಕ್ಕೆ ಎಷ್ಟು ಹಾನಿ ಎಂಬುದು ಪೂರ್ಣವಾಗಿ ತಿಳಿದಿರಲಿಲ್ಲ. ಗಾಯಾಳುಗಳ ಸಾಲು ಮುಂದಿದ್ದಾಗ ತಮ್ಮನ್ನು ಕಾಪಾಡಿಕೊಳ್ಳಲು ಸಮಯವೂ ಸಾಧನವೂ ಸಾಲುತ್ತಿರಲಿಲ್ಲ.

1934ರ ಜುಲೈ 4ರಂದು ಮೇರಿ ಕ್ಯೂರಿ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಮೂಳೆಯ ಮಜ್ಜೆ ಹೊಸ ರಕ್ತಕಣಗಳನ್ನು ಮಾಡಲಾರದ ಕಾಯಿಲೆ ಅವರಿಗಾಗಿತ್ತು. ಬದುಕಿನುದ್ದಕ್ಕೂ ತಾಗಿದ ವಿಕಿರಣ ಅದಕ್ಕೆ ಕಾರಣವೆಂದು ವೈದ್ಯರು ತಿಳಿದರು. ಯುದ್ಧಕಾಲದ ಎಕ್ಸ್-ರೇ ಕೆಲಸದ ಪಾಲೂ ಅದರಲ್ಲಿರಬೇಕು. 1935ರಲ್ಲಿ ಪತಿ ಫ್ರೆಡರಿಕ್ ಜೋಲಿಯೊ ಅವರೊಂದಿಗೆ ನೊಬೆಲ್ ಪಡೆದ ಐರೀನ್ ಕೂಡ 1956ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. 1995ರಲ್ಲಿ ಮೇರಿ ಮತ್ತು ಪಿಯರ್ ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್ ಎಂಬ ರಾಷ್ಟ್ರೀಯ ಸ್ಮಾರಕದಲ್ಲಿ ಗೌರವದಿಂದ ಇರಿಸಲಾಯಿತು.

ಇಂದಿನ ಎಕ್ಸ್-ರೇ ಕೊಠಡಿ

ಮುಂದೆ ಎಂದಾದರೂ ಎಕ್ಸ್-ರೇ ಕೊಠಡಿಗೆ ಹೋದರೆ ಗಮನಿಸಿ. ಚೀಟಿಯಲ್ಲಿರುವ ಹೆಸರು ನಿಮ್ಮದೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಎಡಗೈಯೋ ಬಲಗೈಯೋ ಎಂದು ನೋಡಿ ಚಿತ್ರದಲ್ಲಿ ಗುರುತು ಬರುವಂತೆ ಮಾಡುತ್ತಾರೆ. ಬಳೆ, ಸರ ತೆಗೆಯಲು ಹೇಳುತ್ತಾರೆ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚುತ್ತಾರೆ. ಯಂತ್ರ ನಡೆಸುವವರು ತಡೆಯ ಹಿಂದೆ ನಿಲ್ಲುತ್ತಾರೆ. ಗರ್ಭಿಣಿಯರನ್ನು ಮೊದಲೇ ವಿಚಾರಿಸುತ್ತಾರೆ. ಅಲುಗಾಡಬೇಡಿ ಎಂದು ನಿಮಗೆ ಹೇಳುವುದೂ ಇದೇ ಕ್ರಮದ ಒಂದು ಭಾಗ. ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ವಿಕಿರಣ ಎರಡು ಸಲ ತಾಗುತ್ತದೆ, ಹಿಂದೆ ಸಾಲಿನಲ್ಲಿರುವವರೂ ಕಾಯಬೇಕಾಗುತ್ತದೆ. ಒಂದೇ ಸಲಕ್ಕೆ ಸರಿಯಾಗಿ ತೆಗೆದ ಚಿತ್ರವೇ ಒಳ್ಳೆಯ ಚಿತ್ರ.

ವೈದ್ಯರು ಕೇಳಿದರೆ ಎಕ್ಸ್-ರೇ ತೆಗೆಸಿಕೊಳ್ಳಲು ಹೆದರಬೇಕಾಗಿಲ್ಲ. ಇಂದಿನ ಯಂತ್ರಗಳಲ್ಲಿ ಒಂದು ಚಿತ್ರಕ್ಕೆ ಬೇಕಾಗುವ ವಿಕಿರಣ ಬಹಳ ಕಡಿಮೆ. ಅನಗತ್ಯವಾಗಿ ಮತ್ತೆ ಮತ್ತೆ ತೆಗೆಸಬಾರದು, ಅಷ್ಟೆ.

ಮೇರಿ ರೇಡಿಯಂ ಕಂಡುಹಿಡಿದದ್ದು ದೊಡ್ಡ ಸಾಧನೆ. ಬೇರೊಬ್ಬರು ಕಂಡುಹಿಡಿದ ಎಕ್ಸ್-ರೇ ಬೇಕಾದವರಿಗೆ ಬೇಕಾದ ಹೊತ್ತಿಗೆ ಸಿಗುವಂತೆ ಮಾಡಿದ್ದೂ ಅಷ್ಟೇ ದೊಡ್ಡ ಸಾಧನೆ, ಅಲ್ಲವೇ?

ಯೋಚಿಸಿ, ಮಾಡಿ

1. ಎಕ್ಸ್-ರೇ ಚಿತ್ರದಲ್ಲಿ ಮಾಂಸಕ್ಕಿಂತ ಮೂಳೆ, ಮೂಳೆಗಿಂತ ಲೋಹ ಸ್ಪಷ್ಟವಾಗಿ ಕಾಣುವುದೇಕೆ?
2. ಎಕ್ಸ್-ರೇ ತೆಗೆಯುವ ಮೊದಲು ಬಳೆ, ಸರ ತೆಗೆಯಲು ಹೇಳುವುದೇಕೆ?
3. ನಿಮ್ಮ ಶಾಲೆಯ ಬಿಸಿಯೂಟ ಅಕ್ಕಿ ತೊಳೆಯುವುದರಿಂದ ಹಿಡಿದು ನಿಮ್ಮ ತಟ್ಟೆಗೆ ಬರುವವರೆಗೆ ಯಾವ ಯಾವ ಕೆಲಸಗಳು ನಡೆಯುತ್ತವೆ? ಕ್ರಮವಾಗಿ ಬರೆಯಿರಿ. ಎಲ್ಲಿ ತಡವಾಗುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು ಎಂದು ಗುಂಪಿನಲ್ಲಿ ಚರ್ಚಿಸಿ.